ಇನ್ನೊಂದು ಬಿಂದುವನ್ನೂ ಕೇಳು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಲೆಕ್ಕ ನೋಡಿದೆ. (−2, 7) ಮತ್ತು (4, −5) ಮೂಲಕ ಹೋಗುವ ಸರಳರೇಖೆಯ ಸಮೀಕರಣ ಕೇಳಿದ್ದಾರೆ. ನೀನು ವೈ = −6ಎಕ್ಸ್ − 5 ಅಂತ ಬರೆದಿದ್ದೀಯ. "ತಾಳೆ ನೋಡಿದೆ ದೊಡ್ಡಪ್ಪ, ಸರಿ ಬಂತು. ಆದ್ರೂ ತಪ್ಪು ಅಂತಾರೆ" ಅಂತ ಬೇಜಾರು ಬೇರೆ!

ಮೊದಲು ಇಳಿಜಾರು ನೋಡೋಣ, ಅಂದರೆ ವೈ ಬದಲಾದದ್ದನ್ನು ಎಕ್ಸ್ ಬದಲಾದದ್ದರಿಂದ ಭಾಗಿಸಿದಾಗ ಬರುವುದು. ವೈ 7ರಿಂದ −5ಕ್ಕೆ ಇಳಿದಿದೆ, ಅಂದರೆ −12. ಇದು ಸರಿಯಾಗಿದೆ. ಎಡವಿದ್ದು ಎಕ್ಸ್‌ನಲ್ಲಿ. 4 − (−2) ಆಗಬೇಕಾದಲ್ಲಿ ಸುಮ್ನೆ 4 − 2 ಮಾಡಿ 2 ಅಂದುಬಿಟ್ಟೆ. ಬೆರಳಿಟ್ಟು ಎಣಿಸು. −2ರಿಂದ ಸೊನ್ನೆಗೆ ಎರಡು ಹೆಜ್ಜೆ, ಅಲ್ಲಿಂದ 4ಕ್ಕೆ ನಾಲ್ಕು. ಒಟ್ಟು 6. −12ನ್ನು 6ರಿಂದ ಭಾಗಿಸಿದರೆ −2. ಬಲಕ್ಕೆ ಒಂದು ಮನೆ ಹೋದರೆ ರೇಖೆ ಎರಡು ಮನೆ ಕೆಳಗಿಳಿಯುತ್ತದೆ, ಅಷ್ಟೇ.

ಇನ್ನು ಸಿ, ಅಂದರೆ ವೈ = ಇಳಿಜಾರು × ಎಕ್ಸ್ + ಸಿ ಅನ್ನುವಲ್ಲಿ ಕೊನೆಗೆ ಕೂಡುವ ಸಂಖ್ಯೆ. (−2, 7) ಹಾಕು. 7 = (−2) × (−2) + ಸಿ. ಹಾಗಾಗಿ ಸಿ = 3. ರೇಖೆ ವೈ = −2ಎಕ್ಸ್ + 3.

ಈಗ ನಿನ್ನ ತಾಳೆಯ ವಿಷಯ. ನೀನು (−2, 7) ಹಾಕಿ ನೋಡಿದೆ. ಆದರೆ ಸಿ ಕಂಡುಹಿಡಿದದ್ದೇ ಆ ಬಿಂದುವಿನಿಂದ, ಅಲ್ವಾ? ಇಳಿಜಾರು ಎಷ್ಟೇ ತಪ್ಪಿರಲಿ, ಸಿ ಅದಕ್ಕೆ ತಕ್ಕ ಹಾಗೆ ಹೊಂದಿಕೊಂಡುಬಿಡುತ್ತದೆ. ಆ ಬಿಂದು ಯಾವತ್ತೂ "ಸರಿ" ಅಂತಲೇ ಹೇಳುತ್ತದೆ. ಇನ್ನೊಂದನ್ನು ಕೇಳು. ನಿನ್ನ ಸಮೀಕರಣದಲ್ಲಿ ಎಕ್ಸ್ 4 ಆದರೆ ವೈ −29! ಬರಬೇಕಾದ್ದು −5. ಹೊಸದರಲ್ಲಿ −8 + 3, ಸರಿಯಾಗಿ −5.

ನಾನೂ ಒಂದು ಪರೀಕ್ಷೆಯಲ್ಲಿ ಹೀಗೇ ಮೊದಲ ಬಿಂದುವನ್ನೇ ಎರಡೆರಡು ಸಲ ಹಾಕಿ ನೋಡಿ, ಖುಷಿಯಿಂದ ಎದ್ದು ಬಂದಿದ್ದೆ. ಮಾರ್ಕ್ಸ್ ಬಂದಾಗ ಗೊತ್ತಾಯಿತು!

ಮೂರು ಬಿಂದು ಕೊಟ್ಟರೂ ಗಾಬರಿ ಬೇಡ. ಎರಡರಿಂದ ರೇಖೆ ಬರೆ, ಮೂರನೆಯದನ್ನು ಹಾಕಿ ನೋಡು. (1, 1) ನಮ್ಮ ರೇಖೆಯ ಮೇಲಿದೆ. (6, −8) ಇಲ್ಲ, ಅಲ್ಲಿ −9 ಬರಬೇಕಿತ್ತು. ಕಣ್ಣಳತೆಯಲ್ಲಿ ಎಳೆದ ಚಿತ್ರದಲ್ಲಿ ಇಷ್ಟು ಸಣ್ಣ ವ್ಯತ್ಯಾಸ ಕಾಣುವುದೇ ಇಲ್ಲ. ಆದರೂ ಒಂದು ಒರಟು ಚಿತ್ರ ಹಾಕಿಕೊ. ರೇಖೆ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ತಿಳಿಯಲು ಅದು ಸಾಕು.

ಕೊನೆಗೆ ಒಂದು. (3, 1), (3, 8) ಅಂತ ಕೊಟ್ಟರೆ ಇಳಿಜಾರಿನ ಸೂತ್ರ ಹಾಕೋಕೆ ಹೋಗಬೇಡ. ಎಕ್ಸ್ ಬದಲಾಗಿಲ್ಲ, ಕೆಳಗೆ ಸೊನ್ನೆ ಬರುತ್ತದೆ, ಭಾಗಿಸಲು ಆಗಲ್ಲ. ರೇಖೆ ನೆಟ್ಟಗೆ ನಿಂತಿದೆ, ಎಕ್ಸ್ = 3 ಅಂತ ಬರೆದು ಮುಂದಕ್ಕೆ ಹೋಗು.

ಉಳಿದ ನಾಲ್ಕು ಲೆಕ್ಕ ಮಾಡಿ ಕಳಿಸು. ತಾಳೆ ನೋಡಿದ ಸಾಲೂ ಪಕ್ಕದಲ್ಲೇ ಇರಲಿ.

ನಿನ್ನ,
ದೊಡ್ಡಪ್ಪ