ಟ್ರಮಡಾಲ್ ಮಾತ್ರೆಗೆ ಇನ್ನು ವೈದ್ಯರ ಚೀಟಿ ಬೇಕೇ ಬೇಕು

ಪೆರ್ಲ

ಪ್ರಿಯ ಗ್ರಾಹಕರೇ,

ಅಡಿಕೆಗೆ ಮದ್ದು ಬಿಡುವ ಕಾಲ ಬಂತೆಂದರೆ ನಮ್ಮ ಅಂಗಡಿಯಲ್ಲಿ ಸೊಂಟನೋವಿನ ಮಾತ್ರೆಗೂ ಕಾಲ ಬಂತೆಂದೇ ಲೆಕ್ಕ. ಖಾಲಿ ಸ್ಟ್ರಿಪ್ಪಿನ ತುಂಡನ್ನು ಮೇಜಿನ ಮೇಲಿಟ್ಟು "ಇದೇ ಹತ್ತು ಕೊಡಿ" ಎಂದರೆ, ಗುರುತಿನವರಲ್ಲವೇ ಎಂದು ನಾವೂ ಕೊಟ್ಟದ್ದುಂಟು. ಆ ತುಂಡಿನಲ್ಲಿ ಟ್ರಮಡಾಲ್ ಎಂದಿದ್ದರೆ ಇನ್ನು ಚೀಟಿಯಿಲ್ಲದೆ ಕೊಡುವುದಿಲ್ಲ. ನಿಯಮವೇನೂ ಹೊಸದಲ್ಲ, ಸಡಿಲ ಬಿಟ್ಟದ್ದು ನಮ್ಮ ತಪ್ಪು.

ಟ್ರಮಡಾಲ್ ಅಫೀಮಿನ ದಾರಿಯಲ್ಲೇ ನೋವು ಅಡಗಿಸುವ ಮದ್ದು. 2014ರ ಮಾರ್ಚಿನಿಂದ ಅದು ಎಚ್1 ಪಟ್ಟಿಯಲ್ಲಿ, ಅಂದರೆ ವೈದ್ಯರ ಚೀಟಿ ನೋಡಿ ಲೆಕ್ಕ ಬರೆದಿಟ್ಟೇ ಮಾರಬೇಕಾದ ಮದ್ದುಗಳ ಪಟ್ಟಿಯಲ್ಲಿದೆ, 2018ರಲ್ಲಿ ಮಾದಕ ವಸ್ತುಗಳ ಕಾಯಿದೆಯೂ ಅದಕ್ಕೆ ಅನ್ವಯವಾಯಿತು. ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಕೊಟ್ಟ ಮಾತ್ರೆಯ ಲೆಕ್ಕ ಎಲ್ಲವನ್ನೂ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಒಮ್ಮೆ ಮದ್ದು ಕೊಟ್ಟ ಚೀಟಿಗೆ ನಮ್ಮ ಮೊಹರು, ದಿನಾಂಕ ಬೀಳುತ್ತದೆ. ಮತ್ತೊಮ್ಮೆ ಕೊಡಬಹುದೆಂದು ವೈದ್ಯರು ಬರೆದಿರದಿದ್ದರೆ ಅದೇ ಚೀಟಿ ಮತ್ತೆ ನಡೆಯದು. ಕೊಡೀನ್ ಇರುವ ಕೆಮ್ಮಿನ ಸಿರಪ್ಪಿಗೂ ಇದೇ ಕ್ರಮ. ಮಂಗಳೂರಿನ ವೈದ್ಯರ ಚೀಟಿ ಗಡಿಯ ಈಚೆಗೆ, ಕೇರಳದಲ್ಲಿ, ನಡೆಯುತ್ತದೆಯೇ ಎಂದು ಹಲವರು ಕೇಳುತ್ತಾರೆ. ಖಂಡಿತ ನಡೆಯುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೋ ಸಾಲದು, ಚೀಟಿಯನ್ನೇ ತನ್ನಿ. ಬಸ್ಸಿನವರ ಕೈಯಲ್ಲಿ ಮಾತ್ರೆ ಕಳುಹಿಸುವುದನ್ನೂ ನಿಲ್ಲಿಸಿದ್ದೇವೆ.

ಪೊಲೀಸರ ಹೆದರಿಕೆಯಿಂದ ಮಾತ್ರ ಇದನ್ನು ಬರೆಯುತ್ತಿಲ್ಲ. ಈ ಮಾತ್ರೆಯ ಜೊತೆ ಮದ್ಯವೋ ನಿದ್ರೆಮಾತ್ರೆಯೋ ಸೇರಿದರೆ ನಿದ್ದೆಯಲ್ಲೇ ಉಸಿರಾಟ ಕುಗ್ಗಿ ಪ್ರಾಣ ಹೋಗಬಹುದು. ಅಪಸ್ಮಾರ ಇರುವವರಿಗೆ ಫಿಟ್ಸ್ ಮರುಕಳಿಸಬಹುದು. ಮಲಬದ್ಧತೆಯಂತೂ ಮಾಮೂಲು. ದಿನ ಹೋದಂತೆ ಒಂದು ಮಾತ್ರೆಗೆ ತಗ್ಗುತ್ತಿದ್ದ ನೋವಿಗೆ ಎರಡು ಬೇಕಾಗುತ್ತದೆ. ಆಮೇಲೆ ನೋವಿಲ್ಲದಿದ್ದರೂ ಮಾತ್ರೆ ಬೇಕು.

ತಿಂಗಳುಗಟ್ಟಲೆ ನುಂಗಿದವರು ಈ ಪತ್ರ ಓದಿ ನಾಳೆಯೇ ಬಿಟ್ಟುಬಿಡಬೇಡಿ. ಬೆವರು, ನಡುಕ, ವಾಂತಿ, ನಿದ್ದೆಗೇಡು ಎಲ್ಲ ಒಟ್ಟಿಗೆ ಕಾಡುತ್ತವೆ. ವೈದ್ಯರು ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡಿಸುತ್ತಾರೆ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಎಂಬುದನ್ನು ಅವರಲ್ಲಿ ಮುಚ್ಚಿಡಬೇಡಿ.

ಮನೆಯಲ್ಲಿ ಕ್ಯಾನ್ಸರ್ ರೋಗಿಗಳಿರುವವರಿಗೆ ಒಂದು ಮಾತು. ನೋವಿಗೆಂದು ವೈದ್ಯರು ಬರೆದ ಮಾರ್ಫಿನನ್ನು ಚಟ ಹಿಡಿದೀತೆಂದು ತಪ್ಪಿಸಬೇಡಿ. ಅದು ನಮ್ಮಲ್ಲಿಲ್ಲ, ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಎಲ್ಲಿ ಎಂದು ತಿಳಿಯದಿದ್ದರೆ ಊರಿನ ಸಾಂತ್ವನ ಆರೈಕೆಯ (ಪಾಲಿಯೇಟಿವ್ ಕೇರ್) ನರ್ಸ್ ಅವರನ್ನು ಕೇಳಿ.

ಉಳಿದ ಸಾಮಾನ್ಯ ನೋವಿನ ಮುಲಾಮು, ಬಿಸಿನೀರಿನ ಚೀಲ, ಸೊಂಟದ ಬೆಲ್ಟ್ ಎಂದಿನಂತೆ ಸಿಗುತ್ತವೆ, ಚೀಟಿ ಬೇಡ.

ಇತಿ,
ನಿಮ್ಮ ಔಷಧಿ ಅಂಗಡಿಯವರು