ಹಗ್ಗ ಹಿಡಿದವರಿಗೆಲ್ಲ ನಮಸ್ಕಾರ

ಬಾಹ್ಯಾಕಾಶದಲ್ಲಿ ಹಾಯಿಹಡಗುಗಳು ಓಡಾಡುವ ನನ್ನ ಸಾಹಸ ಕಾದಂಬರಿ ಕೊನೆಗೂ ಅಚ್ಚಾಗಿ ಕೈಸೇರಿದೆ. ಮುಖಪುಟದ ಮೇಲಿರುವುದು ನನ್ನ ಹೆಸರೊಂದೇ. ಈ ಹಡಗನ್ನು ನಡೆಸಿದವರು ಮಾತ್ರ ಹಲವರು. ಅವರಿಗೆ ಎಲ್ಲರೆದುರಿಗೇ ಕೃತಜ್ಞತೆ ಹೇಳಬೇಕೆನಿಸಿತು.

ಮೊದಲ ನಮಸ್ಕಾರ ಭೌತಶಾಸ್ತ್ರ ಕಲಿಸುವ ನನ್ನ ಗೆಳತಿಗೆ. ಕಥೆ ನಡುದಾರಿಯಲ್ಲಿ ನಿಂತುಹೋಗಿತ್ತು. ಗಾಳಿಯಿಲ್ಲದ ಬಾಹ್ಯಾಕಾಶದಲ್ಲಿ ಸೂರ್ಯನ ಬೆಳಕೇ ಹಾಯಿಯನ್ನು ಹೊರಕ್ಕೆ ತಳ್ಳುತ್ತದೆ, ಸರಿ. ನನ್ನ ನಾವಿಕರು ಸೂರ್ಯನ ಕಡೆಗೇ ಮರಳಬೇಕಿತ್ತಲ್ಲ! ಸಮುದ್ರದಲ್ಲಾದರೆ ಹಡಗಿನ ತಳಕ್ಕೆ ನೀರಿನ ಆಸರೆಯಿರುತ್ತದೆ, ಎದುರುಗಾಳಿಯಲ್ಲೂ ಓರೆಯಾಗಿ ಸಾಗಬಹುದು. ಶೂನ್ಯದಲ್ಲಿ ಯಾವ ಆಸರೆ? ಆಕೆ ಒಂದು ಹಾಳೆಯ ಮೇಲೆ ಸೂರ್ಯನನ್ನೂ ಹಡಗಿನ ಕಕ್ಷೆಯನ್ನೂ ಬರೆದು, ಹಾಯಿಯನ್ನು ಓರೆಗೆರೆಯಾಗಿ ಎಳೆದಳು. ಹಡಗಿನ ಚಲನೆಯನ್ನು ಬೆಳಕು ತಡೆಯುವಂತೆ ಹಾಯಿ ತಿರುಗಿಸಿದರೆ ಸಾಕು, ಹಡಗು ತನ್ನ ಕಕ್ಷೆಯ ಶಕ್ತಿ ಕಳೆದುಕೊಳ್ಳುತ್ತಾ ಸುರುಳಿ ಸುರುಳಿಯಾಗಿ ಸೂರ್ಯನತ್ತ ಇಳಿಯುತ್ತದೆ. ದೂರ ತಳ್ಳುವ ಬೆಳಕಿನಿಂದಲೇ ಮನೆಗೆ ಮರಳುವ ದಾರಿ! ಕಾದಂಬರಿಯ ಇಡೀ ಉತ್ತರಾರ್ಧ ಆ ಹಾಳೆಯಿಂದ ಹುಟ್ಟಿತು.

2010ರಲ್ಲಿ ಜಪಾನಿನ ಇಕಾರೋಸ್ ಬಾಹ್ಯಾಕಾಶ ನೌಕೆ ಬಿಚ್ಚಿದ ಹಾಯಿಯ ಬಗ್ಗೆ ತಿಳಿಸಿದವಳೂ ಅವಳೇ. ಉದ್ದಗಲ 14 ಮೀಟರ್, ದಪ್ಪ ಮಾತ್ರ ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ನನ್ನ ಕಥೆಯಲ್ಲಿ ಮಂತ್ರವಿದೆ, ರಾಕ್ಷಸರಿದ್ದಾರೆ, ಮಾತನಾಡುವ ಧೂಮಕೇತುವೂ ಇದೆ. ಆದರೂ ಹಾಯಿ ಮಾತ್ರ ಸತ್ಯವಾಗಿರಲೇಬೇಕೆಂಬ ಹಟ ನನಗೆ ಹಿಡಿದದ್ದು ಆಗ.

ಹಾಯಿಹಡಗಿನಲ್ಲಿ ದುಡಿದ ಹಿರಿಯ ನಾವಿಕರೊಬ್ಬರ ಋಣ ಇನ್ನೂ ದೊಡ್ಡದು. ಕಗ್ಗತ್ತಲಿನ ಬಿರುಗಾಳಿಯಲ್ಲಿ ಹಗ್ಗ ಹುಡುಕುತ್ತಾ ನಿಲ್ಲಲಾಗದು, ಅದಕ್ಕೇ ಪ್ರತಿ ಹಗ್ಗಕ್ಕೂ ಗೊತ್ತಾದ ಜಾಗವಿರುತ್ತದೆ, ಆ ಜಾಗ ಕೈಗೆ ನೆನಪಿರಬೇಕು ಎಂದರು. ನನಗೆ ಕಣ್ಣು ಮುಚ್ಚಲು ಹೇಳಿ ಗಂಟು ಹಾಕಿಸಿದರು; ಬೆರಳ ತುದಿ ಉರಿಯುವವರೆಗೂ ಬಿಡಲಿಲ್ಲ. ಹಡಗು ಗ್ರಹದ ನೆರಳನ್ನು ಹೊಕ್ಕಾಗ, ಕಾಣಲು ಬೆಳಕಿಲ್ಲ, ಮುಂದೆ ತಳ್ಳಲೂ ಬೆಳಕಿಲ್ಲ ಎಂಬ ಸ್ಥಿತಿಯಲ್ಲಿ ನನ್ನ ನಾಯಕಿ ಹಗ್ಗದಿಂದ ಹಗ್ಗಕ್ಕೆ ತಡವುತ್ತಾ ಹೋಗುವ ಅಧ್ಯಾಯ ಅವರ ಕೊಡುಗೆ. ನನ್ನ ಮಟ್ಟಿಗೆ ಪುಸ್ತಕದ ಜೀವ ಇರುವುದೇ ಅಲ್ಲಿ.

ಆಕಾಶದ ಗಾಳಿಗೆ ಹೊಂದುವ ಹಡಗು, ಹಾಯಿಗಳು ಸಿದ್ಧವಾದರೆ ಆ ಶೂನ್ಯಕ್ಕೂ ಅಂಜದೆ ಹೊರಡುವವರು ಸಿಗುತ್ತಾರೆ ಎಂದು 1610ರಲ್ಲೇ ಖಗೋಳ ವಿಜ್ಞಾನಿ ಕೆಪ್ಲರ್ ಗೆಲಿಲಿಯೊಗೆ ಬರೆದಿದ್ದ. ಹಡಗು ಇನ್ನೂ ಅರೆಬರೆಯಾಗಿರುವಾಗಲೇ ಹೊರಟು ನಿಂತವರು ನನಗೆ ಸಿಕ್ಕರು. ಒರಟು ಕರಡನ್ನು ತಾಳ್ಮೆಯಿಂದ ಓದಿದ ಗೆಳೆಯರು, ಒಂದೊಂದು ವಾಕ್ಯಕ್ಕೂ ನನ್ನೊಂದಿಗೆ ವಾದಿಸಿದ ಸಂಪಾದಕರು, ಕರಡಚ್ಚು ತಿದ್ದಿದವರು, ನಾನು ಬರೆಯಲು ಕೂತ ಸಂಜೆಗಳಲ್ಲಿ ಮನೆಯ ಕೆಲಸವನ್ನೆಲ್ಲ ತಾವೇ ಹೊತ್ತುಕೊಂಡ ಮನೆಯವರು: ಇವರಿಗೆಲ್ಲ ನಾನು ಚಿರಋಣಿ.

ಓದಿ ಮುಗಿಸಿದವರು ಆಗಲೇ ಧೂಮಕೇತುವಿನ ಗತಿ ಏನಾಯಿತೆಂದು ಕೇಳಿ ಪತ್ರ ಬರೆಯುತ್ತಿದ್ದಾರೆ. ಅಷ್ಟು ಅಕ್ಕರೆಯಿಂದ ಕೇಳಿದ್ದಕ್ಕೆ ಅವರಿಗೂ ವಂದನೆ. ಎರಡನೆಯ ಭಾಗ ಅದರದೇ ಕಥೆ, ಬರೆಯಲು ಶುರುಮಾಡಿದ್ದೇನೆ.