ಗೆಳೆಯನಿಗೊಂದು ಪತ್ರ: ಪೈರು ಎಳೆದವನ ಕತೆ

ಪ್ರಿಯ ಗೆಳೆಯಾ,

ಮೊನ್ನೆ ರಾತ್ರಿ ನೀನು ಕಳಿಸಿದ ಚಿತ್ರ ನೋಡಿದೆ. ಬಿದಿರು, ಮಂಜು, ಕೆಳಗೆ 'ಪುರಾತನ ಚೀನೀ ಗಾದೆ' ಅಂತ ಬರೆದು, 'ಒಂದು ಚಿತ್ರ ಹತ್ತು ಸಾವಿರ ಮಾತಿಗೆ ಸಮ'. ಮಾತೇನೋ ಚೆನ್ನಾಗಿದೆ, ಆದರೆ ಅದು ಚೀನಾದ್ದಲ್ಲ ಕಣೋ. 1927ರಲ್ಲಿ ಫ್ರೆಡ್ ಬರ್ನಾರ್ಡ್ ಎಂಬ ಅಮೆರಿಕದ ಜಾಹೀರಾತುಗಾರ ಟ್ರಾಮುಗಳಲ್ಲಿ ಹಾಕುವ ಜಾಹೀರಾತಿನ ಪರವಾಗಿ ಅದನ್ನು ಅಚ್ಚು ಹಾಕಿಸಿದ. ಚೀನೀ ಅಕ್ಷರಗಳನ್ನೂ ಜೊತೆಗಿಟ್ಟ. ನಿನ್ನ ತಪ್ಪು ಹುಡುಕಲು ಬರೆಯುತ್ತಿಲ್ಲ. ನಿಜವಾದ ಚೀನೀ ಗಾದೆಗಳು ಇದಕ್ಕಿಂತ ಒರಟು, ಇದಕ್ಕಿಂತ ರುಚಿ. ನಿನಗೆ ಹೇಳದೆ ಇರಲಾಗುತ್ತಿಲ್ಲ.

ಅವನ್ನು ಅಲ್ಲಿ ಚೆಂಗ್‌ಯೂ ಅನ್ನುತ್ತಾರೆ. ಹೆಚ್ಚಿನವು ನಾಲ್ಕೇ ಅಕ್ಷರ. 'ಮಾಡಿದ್ದುಣ್ಣೋ ಮಹರಾಯ' ಅಂದರೆ ನಮಗೆ ಬೇರೆ ವಿವರಣೆ ಬೇಕಿಲ್ಲ. ಚೆಂಗ್‌ಯೂ ಎಷ್ಟೋ ಸಲ ಹಾಗಲ್ಲ, ಹಿಂದಿನ ಕತೆ ಗೊತ್ತಿದ್ದರೇ ಬಾಯಿ ಬಿಡುತ್ತದೆ. 'ಬುಡ ಕಾಯುತ್ತ ಮೊಲಕ್ಕೆ ಕಾದ' ಎಂಬುದನ್ನೇ ತಗೋ. ಹಳೇ ಚೀನಾದ ಸೋಂಗ್ ಎಂಬ ರಾಜ್ಯದ ಒಬ್ಬ ರೈತನ ಹೊಲದಲ್ಲಿ ಒಂದು ಮರದ ಬೊಡ್ಡೆ. ಓಡಿ ಬಂದ ಮೊಲವೊಂದು ಅದಕ್ಕೆ ಗುದ್ದಿ ಕತ್ತು ಮುರಿದುಕೊಂಡು ಸತ್ತಿತು. ರೈತ ನೇಗಿಲು ಕೆಳಗಿಟ್ಟು, ಇನ್ನೊಂದು ಮೊಲ ಬರಲಿ ಅಂತ ಬೊಡ್ಡೆಯ ಪಕ್ಕ ಕೂತ. ಈಗ ಇದನ್ನು ಸೋಮಾರಿಗಳಿಗೆ ಹೇಳುತ್ತಾರೆ. ಆದರೆ ಇದನ್ನು ಬರೆದ ಹಾನ್ ಫೇ ಎಂಬ ಹಳೇ ಕಾಲದ ಚಿಂತಕ ಬೈದದ್ದು ದೊರೆಗಳನ್ನು: ಹಳೆಯ ಅರಸರ ಕಾಲದ ರೀತಿಯಲ್ಲೇ ಇವತ್ತಿನ ಜನರನ್ನು ಆಳಹೊರಟವರೂ ಆ ರೈತನ ಜಾತಿಯವರೇ ಎಂದು.

ಒಂದು ವಿಷಯ ನನಗೆ ಚುಚ್ಚುತ್ತದೆ. ಆ ಕಾಲದ ಕತೆಗಳಲ್ಲಿ ಪೆದ್ದ ಬೇಕಾದಾಗಲೆಲ್ಲ ಸೋಂಗ್‌ನವನನ್ನೇ ಕರೆತರುತ್ತಾರೆ. ಝೌ ವಂಶದವರ ಕೈಯಲ್ಲಿ ಸೋತ ಶಾಂಗ್ ವಂಶದ ಉಳಿದವರಿಗೆ ಕೊಟ್ಟಿದ್ದ ರಾಜ್ಯ ಅದು. ಸೋತವರ ಮೇಲಿನ ತಾತ್ಸಾರ ಗಾದೆಯೊಳಗೆ ಸೇರಿಕೊಂಡು ಎರಡು ಸಾವಿರ ವರ್ಷ ಬದುಕಿಬಿಟ್ಟಿತಲ್ಲ.

ಹೋದ ವರ್ಷ ನನ್ನ ಕೆಲಸ ಹೋದಾಗ ನೀನು ಫೋನ್ ಮಾಡಿ 'ಆಗೋದೆಲ್ಲ ಒಳ್ಳೇದಕ್ಕೇ' ಅಂದಿದ್ದೆ. ನಿನ್ನ ಪ್ರೀತಿ ಅರ್ಥವಾಗಿತ್ತು, ಮಾತು ಒಳಗೆ ಇಳಿದಿರಲಿಲ್ಲ. ಆಮೇಲೆ 'ಗಡಿಯ ಮುದುಕ ಕುದುರೆ ಕಳಕೊಂಡ' ಎಂಬ ಗಾದೆಯ ಮೂಲ ಓದಿದೆ. ಹ್ವಾಯ್‌ನಾನ್‌ನ ರಾಜಕುಮಾರ ಲ್ಯೂ ಆನ್ ಕ್ರಿ.ಪೂ. 139ರಲ್ಲಿ ಚಕ್ರವರ್ತಿಗೆ ಒಪ್ಪಿಸಿದ ಗ್ರಂಥದಲ್ಲಿ ಅದಿದೆ. ಕುದುರೆ ಗಡಿಯಾಚೆ ಓಡಿಹೋಯಿತು. ಊರವರು ಬಂದು ಅಯ್ಯೋ ಅಂದರು. ಮುದುಕ 'ಇದೇ ಅದೃಷ್ಟ ಯಾಕಾಗಬಾರದು?' ಅಂದ. ಕೆಲವು ತಿಂಗಳ ಮೇಲೆ ಕುದುರೆ ತನ್ನ ಜೊತೆ ಒಳ್ಳೆಯ ಜಾತಿಕುದುರೆಯನ್ನು ಕರಕೊಂಡು ಬಂತು. ಎಲ್ಲರೂ ಭೇಷ್ ಅಂದರು. 'ಇದೇ ಕೇಡು ಯಾಕಾಗಬಾರದು?' ಅಂದ. ಮಗ ಸವಾರಿಗೆ ಹೋಗಿ ಬಿದ್ದು ತೊಡೆ ಮುರಿದುಕೊಂಡ. ವರ್ಷದ ಮೇಲೆ ಗಡಿಯಾಚೆಯವರು ದಂಡೆತ್ತಿ ಬಂದರು. ಗಟ್ಟಿಮುಟ್ಟಾದವರೆಲ್ಲ ಬಿಲ್ಲು ಹಿಡಿದು ಹೋದರು, ಹತ್ತರಲ್ಲಿ ಒಂಬತ್ತು ಜನ ಸತ್ತರು. ಕುಂಟನಾದ್ದರಿಂದ ಮಗ ಉಳಿದ.

ನೋಡು, ಮುದುಕ ಎಲ್ಲೂ 'ಎಲ್ಲ ಒಳ್ಳೇದಕ್ಕೇ' ಅನ್ನಲಿಲ್ಲ. ಬರೀ ಕೇಳಿದ, ದುಃಖದಲ್ಲೂ ಸಂತೋಷದಲ್ಲೂ ಅದೇ ಒಂದು ಪ್ರಶ್ನೆ. ಆ ಹತ್ತರಲ್ಲಿ ಒಂಬತ್ತರಲ್ಲಿ ಅವನ ಬಾಗಿಲಿಗೆ ಬಂದು ಅಯ್ಯೋ ಅಂದವರ, ಭೇಷ್ ಅಂದವರ ಮಕ್ಕಳೂ ಇದ್ದಿರಬೇಕಲ್ಲವೇ? ಕತೆ ಅದನ್ನು ಹೇಳುವುದಿಲ್ಲ, ನನಗೆ ಮಾತ್ರ ಅದೇ ಕಾಣುತ್ತದೆ. ಲ್ಯೂ ಆನ್ ಕೂಡ ಕ್ರಿ.ಪೂ. 122ರಲ್ಲಿ ರಾಜದ್ರೋಹದ ಆರೋಪ ಹೊತ್ತು ಪ್ರಾಣ ಕಳಕೊಂಡ. ಕೆಲಸವಿಲ್ಲದ ಆ ತಿಂಗಳುಗಳಲ್ಲಿ ನನಗೆ ಧೈರ್ಯ ಕೊಟ್ಟದ್ದು ಈ ಕತೆಯೇ, ಸುಖಾಂತ್ಯದ ಆಸೆ ತೋರಿಸದೆ.

ಈಗ ನಿನ್ನ ಮಗಳ ವಿಷಯ. ಇನ್ನೂ ಐದು ತುಂಬಿಲ್ಲ, ಪಕ್ಕದ ಮನೆ ಹುಡುಗ ಓದುತ್ತಾನೆ, ಇವಳಿಗೆ ಕಾಗುಣಿತ ಹತ್ತುತ್ತಿಲ್ಲ, ಸಂಜೆಗೆ ಇನ್ನೊಂದು ಟ್ಯೂಷನ್ ಹಾಕಿದ್ದೇನೆ ಅಂತ ಬರೆದಿದ್ದೀಯ. ಮೂರನೇ ಕ್ಲಾಸಿನಲ್ಲಿ ನಾವು ತೆಂಗಿನ ಚಿಪ್ಪಿನಲ್ಲಿ ಅವರೆಕಾಳು ಹಾಕಿದ್ದು ನೆನಪಿದೆಯಾ? ದಿನಾ ಸ್ಕೂಲಿಂದ ಬಂದವರೇ ಬೆರಳು ತೂರಿಸಿ ಕಾಳು ಎತ್ತಿ ನೋಡುತ್ತಿದ್ದೆವು. ಸಿಪ್ಪೆ ಬಿರಿದು ಬಿಳೀ ಬೇರು ಅಕ್ಕಿಕಾಳಿನಷ್ಟು ಇಣುಕಿತ್ತು. ನಾಲ್ಕನೇ ದಿನ ಅದು ಕಪ್ಪಾಯಿತು. ನೀನು ಅತ್ತಿದ್ದೆ.

ಮೆನ್ಸಿಯಸ್ ಎಂಬ ಹಳೇ ಚೀನೀ ತತ್ವಜ್ಞಾನಿ ಹೇಳಿದ ಕತೆಯಲ್ಲೂ ಒಬ್ಬ ಸೋಂಗ್‌ನವನೇ. ಪೈರು ಬೆಳೆಯುತ್ತಿಲ್ಲವೆಂಬ ಕೊರಗಿನಲ್ಲಿ ಒಂದೊಂದನ್ನೇ ಚೂರು ಚೂರು ಮೇಲೆಳೆದ. ಸುಸ್ತಾಗಿ ಮನೆಗೆ ಬಂದು, 'ಇವತ್ತು ದಣಿದುಹೋದೆ, ಪೈರಿಗೆ ಬೆಳೆಯಲು ಕೈಹಚ್ಚಿ ಬಂದೆ' ಅಂದ. ಮಗ ಓಡಿಹೋಗಿ ನೋಡಿದರೆ ಎಲ್ಲ ಬಾಡಿದೆ. ಆ ದಣಿವು ನನ್ನ ಕರುಳು ಹಿಂಡುತ್ತದೆ ಕಣೋ. ಅವನು ಕೆಟ್ಟವನಲ್ಲ, ಮೈಗಳ್ಳನಲ್ಲ. ಇಡೀ ದಿನ ಬಗ್ಗಿ ದುಡಿದದ್ದು ಪ್ರೀತಿಯಿಂದಲೇ.

ಆದರೆ ಮೆನ್ಸಿಯಸ್ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಏನೂ ಪ್ರಯೋಜನವಿಲ್ಲವೆಂದು ಕೈಬಿಟ್ಟವನು ಕಳೆ ಕೀಳದವನು, ಬೆಳೆಯಲೆಂದು ಎಳೆದವನು ಪೈರು ಕಿತ್ತವನು ಅನ್ನುತ್ತಾನೆ. ಇಬ್ಬರನ್ನೂ ಒಪ್ಪುವುದಿಲ್ಲ. ಹಾಗಾಗಿ ಅವಳನ್ನು ಸುಮ್ಮನೆ ಬಿಟ್ಟುಬಿಡು ಅಂತ ನಾನೂ ಅನ್ನುವುದಿಲ್ಲ. ರಾತ್ರಿ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕತೆ ಓದಿ ಹೇಳು, ಆ ಸಂಜೆ ಟ್ಯೂಷನ್ ಮಾತ್ರ ಬಿಡಿಸು.

ದಸರಾ ರಜೆಗೆ ಬರುತ್ತೇನೆ. ಅವಳಿಗೆಂದು ಒಂದು ತೆಂಗಿನ ಚಿಪ್ಪು, ಒಂದು ಹಿಡಿ ಅವರೆಕಾಳು ತರುತ್ತೇನೆ. ಬೆರಳು ತೂರಿಸಿ ನೋಡಿದರೆ ಬೈಯಬೇಡ, ಹಿಡಿ ತುಂಬ ತಂದಿರುತ್ತೇನೆ.

ನಿನ್ನ ಗೆಳೆಯ